ಬೇತಾಳನ ಪ್ರಶ್ನೆ, ಉದ್ರಿ ಪುಸ್ತಕದ ಉತ್ತರ

ಕನ್ನಡದಲ್ಲಿ ‘ಪ್ರಕರಣ’ ಎಂಬ ಪದಕ್ಕೆ ಹಲವು ಮನೆಗಳಿವೆ. ನ್ಯಾಯಾಲಯದಲ್ಲಿ ಅದು ಮೊಕದ್ದಮೆ, ಗ್ರಂಥದಲ್ಲಿ ಅಧ್ಯಾಯ, ಸಂಸ್ಕೃತ ನಾಟ್ಯಶಾಸ್ತ್ರದಲ್ಲಿ ಒಂದು ಬಗೆಯ ರೂಪಕ. ಕಥೆಯನ್ನು ಪುರಾಣದಿಂದ ಎತ್ತಿಕೊಳ್ಳದೆ ಕವಿಯೇ ಕಲ್ಪಿಸಿ, ರಾಜನ ಬದಲು ಬ್ರಾಹ್ಮಣನನ್ನೋ ಮಂತ್ರಿಯನ್ನೋ ವರ್ತಕನನ್ನೋ ನಾಯಕನನ್ನಾಗಿ ನಿಲ್ಲಿಸಿದ ನಾಟಕಕ್ಕೆ ಪ್ರಕರಣವೆಂದು ಹೆಸರು. ಕೊಟ್ಟು ಕೊಟ್ಟು ಬಡವನಾದ ಉಜ್ಜಯಿನಿಯ ಚಾರುದತ್ತನ ಕಥೆ ‘ಮೃಚ್ಛಕಟಿಕ’ ಅದಕ್ಕೆ ಪ್ರಸಿದ್ಧ ಉದಾಹರಣೆ. ಎಂಬಿಎ ತರಗತಿಯ ‘ಕೇಸ್ ಸ್ಟಡಿ’ಯನ್ನು ಪ್ರಕರಣ ಅಧ್ಯಯನವೆಂದು ಕರೆದವರು ತಿಳಿದೋ ತಿಳಿಯದೆಯೋ ತಕ್ಕ ಪದವನ್ನೇ ಆರಿಸಿದ್ದಾರೆ, ಏಕೆಂದರೆ ಅಲ್ಲಿಯೂ ನಾಯಕನು ವ್ಯವಹಾರಸ್ಥನೇ, ಅವನು ಸಿಕ್ಕಿಕೊಂಡ ಇಕ್ಕಟ್ಟೇ ವಸ್ತು, ಆದರೆ ನಾಟಕದ ಕೊನೆಯ ಅಂಕವನ್ನು ಕವಿ ಬರೆದಿಟ್ಟಿರುತ್ತಾನೆ, ಕೇಸಿನ ಕೊನೆಯ ಅಂಕ ಮಾತ್ರ ವಿದ್ಯಾರ್ಥಿಯ ಪಾಲಿಗೆ ಉಳಿದಿರುತ್ತದೆ.

ಈ ಪದ್ಧತಿಯ ಬೇರು ವ್ಯಾಪಾರದಲ್ಲಿಲ್ಲ, ವಕೀಲಿಯಲ್ಲಿದೆ. 1870ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಆದ ಕ್ರಿಸ್ಟೋಫರ್ ಕೊಲಂಬಸ್ ಲ್ಯಾಂಗ್‌ಡೆಲ್, ಕಾನೂನಿನ ಸೂತ್ರಗಳನ್ನು ಉಪನ್ಯಾಸದಲ್ಲಿ ಒಪ್ಪಿಸುವುದನ್ನು ಬಿಟ್ಟು, ಹಳೆಯ ತೀರ್ಪುಗಳನ್ನೇ ವಿದ್ಯಾರ್ಥಿಗಳ ಕೈಗಿತ್ತು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಸೂತ್ರವನ್ನು ಅವರ ಬಾಯಿಂದಲೇ ಹೊರಡಿಸುವ ಕ್ರಮವನ್ನು ತಂದನು. ಅದೇ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ವ್ಯವಹಾರ ಶಾಲೆ ಹುಟ್ಟಿತಾದರೂ, ಕೇಸು ಅಲ್ಲಿ ಬೇರುಬಿಟ್ಟದ್ದು 1919ರಲ್ಲಿ ವ್ಯಾಲೇಸ್ ಡಾನಮ್ ಡೀನ್ ಆದ ಮೇಲೆ. ಸ್ವತಃ ಕಾನೂನು ಓದಿದ್ದ ಅವನಿಗೆ ಆ ಕ್ರಮದ ರುಚಿ ಗೊತ್ತಿತ್ತು. ಆದರೆ ವಕೀಲರಿಗಿದ್ದ ಹಾಗೆ ವರ್ತಕರಿಗೆ ಅಚ್ಚಾದ ತೀರ್ಪುಗಳ ಭಂಡಾರವಿರಲಿಲ್ಲವಾದುದರಿಂದ ಕೇಸುಗಳನ್ನು ಕಾರ್ಖಾನೆಗಳಿಂದಲೇ ಬರೆದು ತರಬೇಕಾಯಿತು. 1921ರಲ್ಲಿ ಅಲ್ಲಿ ಸಿದ್ಧವಾದ ಮೊದಲ ಕೇಸು ಒಂದು ಬೂಟಿನ ಕಂಪನಿಯದು: ವೇಳೆ ಮುಗಿಯುವ ಮುನ್ನವೇ ಕೆಲಸ ಬಿಟ್ಟೇಳುವ ಕಾರ್ಮಿಕರ ವಿಷಯದಲ್ಲಿ ಏನು ಮಾಡಬೇಕು ಎಂಬಷ್ಟು ಚಿಕ್ಕ ಪ್ರಶ್ನೆ. 1961ರಲ್ಲಿ ಅಹಮದಾಬಾದಿನಲ್ಲಿ ಭಾರತೀಯ ನಿರ್ವಹಣಾ ಸಂಸ್ಥೆ ಸ್ಥಾಪನೆಯಾಗಿ ಹಾರ್ವರ್ಡಿನ ಸಹಯೋಗ ಪಡೆದಾಗ ಈ ಪದ್ಧತಿ ಭಾರತದಲ್ಲಿ ನೆಲೆಯೂರಿತು. 1973ರಲ್ಲಿ ಅಂಥದೇ ಸಂಸ್ಥೆ ಬೆಂಗಳೂರಿಗೂ ಬಂದಿತು.

‘ಚಂದಮಾಮ’ದ ಬೇತಾಳ ಕಥೆಗಳನ್ನು ಓದಿ ಬೆಳೆದವರಿಗೆ ಈ ಪದ್ಧತಿಯೇನೂ ಹೊಸದಲ್ಲ. ಮೌನವಾಗಿ ನಡೆಯುವ ರಾಜನ ಹೆಗಲ ಮೇಲಿನ ಬೇತಾಳ ಹೇಳುವುದು ಕೇಸನ್ನೇ. ಕಥೆ ಮುಗಿದೊಡನೆ ಪ್ರಶ್ನೆ ಕೇಳುತ್ತಾನೆ, ಉತ್ತರ ತಿಳಿದೂ ಸುಮ್ಮನಿದ್ದರೆ ರಾಜನ ತಲೆ ಸಿಡಿದು ಹೋಳಾಗುತ್ತದೆ, ಉತ್ತರಿಸಿದರೆ ಮೌನ ಮುರಿದು ಬೇತಾಳ ಮರಳಿ ಮರಕ್ಕೇರುತ್ತಾನೆ. ಮುನ್ಸೂಚನೆ ಕೊಡದೆ ಯಾವುದೋ ಬೆಂಚಿನತ್ತ ಬೆರಳು ತೋರಿಸಿ ‘ನೀವು ಹೇಳಿ’ ಎನ್ನುವ ಮೇಷ್ಟರ ಎದುರು ನಿಂತ ವಿದ್ಯಾರ್ಥಿಯ ಸ್ಥಿತಿಯೂ ಇದೇ. ಎಷ್ಟು ಚೆನ್ನಾಗಿ ಉತ್ತರಿಸಿದರೂ ಮರುದಿನ ಹೆಗಲೇರಲು ಇನ್ನೊಂದು ಕೇಸು ಕಾದಿರುತ್ತದೆ.

ಈ ಪ್ರಬಂಧಕಾರನಿಗೆ ಆ ಬೇತಾಳ ಗಂಟುಬಿದ್ದದ್ದು ಧಾರವಾಡದಲ್ಲಿ ಎಂಬಿಎ ಓದುವಾಗ. ಅವನ ಮೊದಲ ವಿಶ್ಲೇಷಣೆ ಹನ್ನೆರಡು ಪುಟಗಳಷ್ಟಿದ್ದು, ಹತ್ತು ಪುಟಗಳಲ್ಲಿ ಕೇಸಿನ ಕಥೆಯೇ ಬೇರೆ ಮಾತುಗಳಲ್ಲಿ ಮರಳಿ ಬಂದಿತ್ತು. ಮೇಷ್ಟರು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದದ್ದು ಒಂದೇ ಸಾಲು: ‘ಇದೆಲ್ಲ ಮಾಲೀಕನಿಗೆ ಗೊತ್ತು, ಅವನು ನಾಳೆ ಏನು ಮಾಡಬೇಕು?’ ಕೇಸು ವಿಶ್ಲೇಷಿಸುವ ವಿದ್ಯೆಯೆಲ್ಲ ಈ ಸಾಲಿನಲ್ಲಿ ಅಡಗಿದೆ. ಮೊದಲ ಓದಿನಲ್ಲಿ ಯಾರು, ಯಾವ ಗಡುವಿನೊಳಗೆ, ಏನನ್ನು ನಿರ್ಧರಿಸಬೇಕು ಎಂಬುದನ್ನಷ್ಟೇ ಹುಡುಕಬೇಕು. ಎರಡನೆಯ ಓದಿನಲ್ಲಿ ಕೋಷ್ಟಕಗಳನ್ನು ತಾನೇ ಕೂಡಿ ಕಳೆದು ನೋಡಿ, ರೋಗವನ್ನು ರೋಗಲಕ್ಷಣದಿಂದ ಬೇರ್ಪಡಿಸಬೇಕು. ಆಮೇಲೆ ಪರ್ಯಾಯಗಳು, ಅಂದರೆ ನಿಜವಾಗಿ ಹಿಡಿಯಬಹುದಾದ ದಾರಿಗಳು; ಅವುಗಳನ್ನು ತೂಗುವ ಮಾನದಂಡ; ಒಂದು ಶಿಫಾರಸು; ಅದನ್ನು ಜಾರಿಗೆ ತರುವ ಕ್ರಮ. ಕೇಸಿನಲ್ಲಿ ಬೇಕಾದ ಮಾಹಿತಿಯೆಲ್ಲ ಎಂದೂ ಇರುವುದಿಲ್ಲವಾದ್ದರಿಂದ, ಎಲ್ಲಿ ಊಹೆ ಮಾಡಿದೆ ಎಂಬುದನ್ನು ಮುಚ್ಚಿಡದೆ ಬರೆಯುವುದು ಈ ಎಲ್ಲಕ್ಕಿಂತ ಮುಖ್ಯ.

ಮುಂದಿನ ಸಲ, ಕಣ್ಣಾರೆ ಕಂಡ ವ್ಯವಹಾರವೊಂದನ್ನು ಬರೆಯಲು ಹೇಳಿದಾಗ, ಅವನು ರಾಣೆಬೆನ್ನೂರಿನ ತನ್ನ ತಂದೆಯ ಕಿರಾಣಿ ಅಂಗಡಿಯನ್ನೇ ಆರಿಸಿಕೊಂಡನು. ಪ್ರಶ್ನೆ: ಉದ್ರಿ ಕೊಡುವುದನ್ನು, ಎಂದರೆ ಸಾಲದ ವ್ಯಾಪಾರವನ್ನು, ನಿಲ್ಲಿಸಬೇಕೆ? ತಿಂಗಳ 90,000 ರೂಪಾಯಿ ವ್ಯಾಪಾರದಲ್ಲಿ ಉದ್ರಿ 36,000. ಅದರಲ್ಲಿ ನೂರಕ್ಕೆ ಮೂರರಷ್ಟು, ಅಂದರೆ 1,080 ರೂಪಾಯಿ, ಮರಳಿ ಬರುತ್ತಲೇ ಇರಲಿಲ್ಲ. ಸಿಕ್ಕಿಬಿದ್ದ ಹಣಕ್ಕೆ ತಿಂಗಳಿಗೆ ನೂರಕ್ಕೆ ಒಂದೂವರೆಯಂತೆ ಬಡ್ಡಿ 540. ಉದ್ರಿ ನಿಲ್ಲಿಸಿದರೆ ಉಳಿಯುವುದು ಒಟ್ಟು 1,620. ಆದರೆ ಉದ್ರಿಯ ಗಿರಾಕಿಗಳಲ್ಲಿ ಅರ್ಧ ಮಂದಿ ಬೇರೆ ಅಂಗಡಿ ಹಿಡಿದರೆ 18,000 ರೂಪಾಯಿಯ ವ್ಯಾಪಾರ ತಪ್ಪಿ, ನೂರಕ್ಕೆ ಹನ್ನೆರಡರ ಲಾಭದ ಲೆಕ್ಕದಲ್ಲಿ 2,160 ಕೈಬಿಡುತ್ತದೆ. ಆದ್ದರಿಂದ ಉದ್ರಿ ಮುಂದುವರಿಯಲಿ ಎಂದು ಅವನು ತೀರ್ಮಾನಿಸಿದನು. ಅದೇ ಅರ್ಧದ ಬದಲು ಮೂರರಲ್ಲೊಂದು ಪಾಲು ಹೋಗುತ್ತದೆಂದು ಹಿಡಿದರೆ ನಷ್ಟ 1,440ಕ್ಕೆ ಇಳಿದು, ತೀರ್ಮಾನವೇ ತಲೆಕೆಳಗಾಗುತ್ತದೆಂಬುದನ್ನೂ ಪ್ರಾಮಾಣಿಕವಾಗಿ ಬರೆದನು. ಒಳ್ಳೆಯ ಅಂಕಗಳು ಬಂದವು.

ರಜೆಗೆ ಊರಿಗೆ ಬಂದವನು ಅದನ್ನು ಗಲ್ಲಾದ ಮೇಲಿಟ್ಟು ಓದಿ ಹೇಳಿದಾಗ, ಕೊನೆಯವರೆಗೂ ಕೇಳಿಸಿಕೊಂಡ ತಂದೆ, ‘ಅರ್ಧ ಮಂದಿ ಅಂದ್ರ ಯಾರ‍್ಯಾರು ತಮ್ಮಾ? ಹೆಸರು ಹೇಳು’ ಎಂದರು. ಮಗ ಸುಮ್ಮನಾದನು. ಅವರು ಕೆಂಪು ರಟ್ಟಿನ ಉದ್ದನೆಯ ಉದ್ರಿ ಪುಸ್ತಕವನ್ನು ತೆರೆದು, ಹಾಳೆ ಹಾಳೆಯ ಮೇಲೂ ಬೆರಳಾಡಿಸುತ್ತ, ಸಂಬಳವಾದ ದಿನವೇ ತಂದುಕೊಡುವವರು, ಸುಗ್ಗಿಗೆ ತೀರಿಸುವವರು, ಎದುರಾದರೆ ಓಣಿ ಬದಲಿಸುವವರು ಎಂದು ಬೇರೆ ಬೇರೆ ಮಾಡಿ ತೋರಿಸಿದರು. ಎಲ್ಲರಿಗೂ ಕೊಡುವುದು, ಯಾರಿಗೂ ಕೊಡದಿರುವುದು ಎಂಬ ಎರಡೇ ದಾರಿಗಳನ್ನು ಕಂಡಿದ್ದ ವಿಶ್ಲೇಷಣೆಗೆ ಮೂರನೆಯದು ಆ ಪುಸ್ತಕದಲ್ಲಿ ಮೊದಲಿನಿಂದಲೂ ಇತ್ತು. ಅಂಗಡಿಯಲ್ಲಿ ಉದ್ರಿ ನಿಲ್ಲಲಿಲ್ಲ. ಒಂಬತ್ತು ಹೆಸರುಗಳಿಗೆ ಮಾತ್ರ ನಿಂತಿತು.