ಕಂಸಾಳೆ ಗೂಡಿಗೆ ಹೋಗಲಿ, ಮಂಡಿ ಮೂಲೆಗೆ ಹೋಗದಿರಲಿ

ಯುಗಾದಿ ಜಾತ್ರೆ ಮುಗಿಸಿ ಮಾದಪ್ಪನ ಬೆಟ್ಟದಿಂದ ಇಳಿದು ಬಂದರೆ ನಮ್ಮ ತಂಡಕ್ಕೆ ಬೇಸಿಗೆ ರಜೆ. ಕಂಸಾಳೆಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟರೆ ಮತ್ತೆ ಕೈಗೆ ಬರುವುದು ಜೂನ್‌ನಲ್ಲಿ. ಹನೂರು, ಕೊಳ್ಳೇಗಾಲ, ಯಳಂದೂರು ಕಡೆಯ ಎಂಟು ಜನರ ತಂಡ ನಮ್ಮದು, ಅದರಲ್ಲಿ ನಾಲ್ವರು ಹುಡುಗಿಯರು. ಕಾಲೇಜಿನಲ್ಲಿ ಕಟ್ಟಿದ್ದು, ಓದು ಮುಗಿದ ಮೇಲೂ ಬಿಟ್ಟಿಲ್ಲ.

ಬೀಸು ಕಂಸಾಳೆ ನೋಡಿದವರಿಗೆ ಅದರ ಕಷ್ಟ ಗೊತ್ತು. ಒಂದು ಕೈಯಲ್ಲಿ ಬಟ್ಟಲಿನಂಥ ತಾಳ, ಇನ್ನೊಂದರಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಎರಡೂ ಕಂಚಿನವು. ಕೂತು, ಎದ್ದು, ಹಾರಿ, ತಿರುಗಿ, ತಲೆಯ ಮೇಲೆ ಬೀಸಿ ಹೊಡೆಯಬೇಕು. ಜೊತೆಗೆ ಪದವನ್ನೂ ಹೇಳಬೇಕು. ನಮ್ಮ ತಾಳಕ್ಕೆ ನಾವೇ ಹೊಡೆದುಕೊಂಡರೆ ಸಾಲದು, ಎದುರಿಗಿರುವವರ ತಾಳಕ್ಕೂ ಹೊಡೆಯಬೇಕು. ಭಯ ಇರುವುದೇ ಅಲ್ಲಿ. ತೋಳು ಸೋತು ಬೀಸು ಒಂದು ಗೇಣು ಕೆಳಗೆ ಬಂದರೆ ಏಟು ಬೀಳುವುದು ತಾಳಕ್ಕಲ್ಲ, ಬೆರಳಿಗೆ.

ಎರಡು ವರ್ಷದ ಹಿಂದೆ ಹಾಗೇ ಆಯಿತು. ನನ್ನ ಜೊತೆಗಾರ್ತಿ ರಜೆಯಲ್ಲಿ ತಿರುಪ್ಪೂರಿಗೆ ಹೋಗಿ ಎರಡು ತಿಂಗಳು ಬನಿಯನ್ ಕಂಪನಿಯಲ್ಲಿ ದುಡಿದು ಬಂದಿದ್ದಳು. ಮನೆಗೆ ಆ ದುಡ್ಡು ಬೇಕಿತ್ತು. ಜೂನ್‌ನ ಮೊದಲ ಅಭ್ಯಾಸದಲ್ಲಿ ಹತ್ತು ನಿಮಿಷ ಚೆನ್ನಾಗಿಯೇ ಕುಣಿದಳು. ಆಮೇಲೆ ಕೈ ಇಳಿಯಿತು. ಅವಳ ತಾಳದ ಅಂಚು ನನ್ನ ಹೆಬ್ಬೆರಳಿಗೆ ಬಿತ್ತು. ಉಗುರು ಕಪ್ಪಾಗಿ ಉದುರಿತು. ನನಗಿಂತ ಹೆಚ್ಚು ಅತ್ತವಳು ಅವಳೇ. "ನಾನಿನ್ನು ಬರಲ್ಲ ಕಣೇ, ಬೇರೆಯವರನ್ನ ಹುಡುಕ್ಕೊ" ಅಂದಳು.

ನಮ್ಮ ಕಡೆ ಹುಡುಗಿಯರು ಕಂಸಾಳೆ ಹಿಡಿದದ್ದು ಈಚೆಗೆ. ಒಬ್ಬಳು ಬಿಟ್ಟರೆ ಅವಳ ಜಾಗಕ್ಕೆ ಇನ್ನೊಬ್ಬಳು ಸಿಗುವುದು ಕಷ್ಟ. ಜೋಡಿ ಮುರಿದರೆ ತಂಡವೇ ಮುರಿದ ಹಾಗೆ. ಅವಳನ್ನು ಉಳಿಸಿಕೊಳ್ಳಬೇಕಾದರೆ ಮೊದಲು ರಜೆಯನ್ನು ಸರಿ ಮಾಡಿಕೊಳ್ಳಬೇಕಿತ್ತು.

ನಮ್ಮ ತಾತ ದೇವರಗುಡ್ಡರು. ಅವರು ಹುಟ್ಟಿದಾಗ ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ನಮ್ಮ ರಾಜ್ಯಕ್ಕೆ ಬಂದದ್ದು 1956ರಲ್ಲಿ. ಅವರ ಕಾಲದವರು ಮೈಗಟ್ಟಿ ಮಾಡಿಕೊಳ್ಳಲೆಂದು ಏನನ್ನೂ ಮಾಡಲಿಲ್ಲ. ಹೊಲ ಉತ್ತರು, ಸೌದೆ ಹೊತ್ತರು, ಕೊಳ್ಳೇಗಾಲದಿಂದ ಬೆಟ್ಟಕ್ಕೆ ಸುಮಾರು 80 ಕಿ.ಮೀ. ನಡೆದರು. ನಾವು ಹೆಚ್ಚೆಂದರೆ ತಾಳಬೆಟ್ಟದಿಂದ ಹತ್ತುತ್ತೇವೆ, ಅದೂ ವರ್ಷಕ್ಕೊಮ್ಮೆ. ಉಳಿದಂತೆ ಬಸ್ಸು, ಬೈಕು, ಫೋನು. ಅವರ ಬದುಕು ಅವರ ಮೈಗೆ ಕೊಟ್ಟದ್ದನ್ನು ನಾವು ಬೇಕೆಂದೇ ಗಳಿಸಿಕೊಳ್ಳಬೇಕು.

ಕುಣಿಯುವವರು ಎರಡು ಮೂರು ವಾರ ಸುಮ್ಮನೆ ಕೂತರೂ ದಮ್ಮು ಇಳಿಯಲು ಶುರುವಾಗುತ್ತದೆ. ತೋಳು ತೊಡೆಗಳ ಬಲ ಅಷ್ಟು ಬೇಗ ಇಳಿಯುವುದಿಲ್ಲ. ಜೂನ್‌ನಲ್ಲಿ ನಮಗೆ ಮೋಸವಾಗುವುದು ಇದರಿಂದಲೇ. ಕೈ ಗಟ್ಟಿಯಾಗಿದೆ ಅನ್ನಿಸುತ್ತದೆ, ಆದರೆ ಹತ್ತನೇ ನಿಮಿಷಕ್ಕೆ ಉಸಿರು ಸಿಕ್ಕುವುದಿಲ್ಲ.

ಮುಂದಿನ ಬೇಸಿಗೆಗೆ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಅವಳು ತಿರುಪ್ಪೂರಿನಲ್ಲಿ, ನಾನು ಹನೂರು ಹತ್ತಿರ ನಮ್ಮೂರಿನಲ್ಲಿ. ಬೆಳಿಗ್ಗೆ ಐದೂವರೆಗೆ ವಾಟ್ಸಾಪ್ ಕಾಲ್, ಅರ್ಧ ಗಂಟೆ, ವಾರಕ್ಕೆ ನಾಲ್ಕು ದಿನ. ಹುಡುಗಿ ರಸ್ತೆಯಲ್ಲಿ ಓಡಿದರೆ ಊರಿನಲ್ಲಿ ಹತ್ತು ಮಾತು ಬರುತ್ತದೆ, ಅದಕ್ಕೆ ನಾನು ತಾರಸಿ ಹಿಡಿದೆ. ಅವಳಿಗೆ ರೂಮಿನ ಮುಂದಿನ ಮೆಟ್ಟಿಲೇ ಗತಿ.

ಮೊದಲ ಐದು ನಿಮಿಷ ನಿಂತಲ್ಲೇ ನಡಿಗೆ, ಭುಜ ಮತ್ತು ಮಣಿಕಟ್ಟು ತಿರುಗಿಸುವುದು. ಆಮೇಲೆ ಮೆಟ್ಟಿಲು ಹತ್ತಿ ಇಳಿಯುವುದು. ಕೂತೇಳುವಾಗ ಮಂಡಿ ಒಳಕ್ಕೆ ವಾಲದೆ ಪಾದದ ದಿಕ್ಕಿಗೇ ಇರಬೇಕು. ಕಂಸಾಳೆ ಬದಲು ಅರ್ಧ ಲೀಟರ್ ನೀರಿನ ಬಾಟಲಿ ಎರಡು, ಅವನ್ನು ಹಿಡಿದು ನಿಧಾನ ಬೀಸು. ಸಿಮೆಂಟಿನ ಮೇಲೆ ಹಾರುವುದು ಬೇಡ, ಮಣ್ಣು ನೆಲ ಸಿಕ್ಕಾಗ ಹಾರಿದರಾಯಿತು. ಮಂಡಿ ಊದಿಕೊಂಡರೆ ಅಥವಾ ನೋವು ಮಾರನೆಯ ದಿನಕ್ಕೂ ಉಳಿದರೆ ಬಿಡುವು ಕೊಡಬೇಕು. ವಾರ ಕಳೆದರೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಬೇಕು.

ತಾತ ಕೆಳಗೆ ಜಗಲಿಯಲ್ಲಿ ಕೂತು ನನ್ನ ಹೆಜ್ಜೆ ಸದ್ದು ಕೇಳುತ್ತಿದ್ದರು. ಒಂದು ದಿನ ಕೂಗಿ ಹೇಳಿದರು: "ಉಸ್ರು ಹಿಡ್ಕಂಡು ಕುಣೀಬ್ಯಾಡ ಮೊಗ, ಪದ ಹೇಳ್ಕಂಡು ಕುಣಿ. ಪದ ನಿಂತೋದ್ರೆ ನೀನು ನಿಂತ್ಕ." ಇದಕ್ಕಿಂತ ಒಳ್ಳೆಯ ಅಳತೆ ನನಗೆ ಯಾವ ಆಪ್‌ನಲ್ಲೂ ಸಿಗಲಿಲ್ಲ. ಪದ ಹೇಳಲು ಆಗುವಷ್ಟು ಉಸಿರಿದ್ದರೆ ಮುಂದುವರಿಸಿ, ಆಗದಿದ್ದರೆ ನಿಧಾನಿಸಿ.

ಬಿಸಿಲಿನ ವಿಷಯದಲ್ಲಿ ಹಠ ಬೇಡ. ಅಭ್ಯಾಸವೆಲ್ಲ ಎಂಟು ಗಂಟೆಯೊಳಗೆ ಮುಗಿಯಲಿ. ಮೈ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕು, ಮೊದಲ ದಿನವೇ ಜೋರು ಮಾಡಬೇಡಿ. ಉಪ್ಪು ಹಾಕಿದ ಮಜ್ಜಿಗೆ, ರಾಗಿ ಅಂಬಲಿ ನಮ್ಮ ಮನೆಯಲ್ಲೇ ಇವೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಮೂಳೆಗೆ ಒಳ್ಳೆಯದು. ಜೊತೆಗೆ ಹುರುಳಿ, ಅಲಸಂದೆ, ಮೊಟ್ಟೆ ಸೇರಿದರೆ ಪುಡಿ ಡಬ್ಬಕ್ಕೆ ದುಡ್ಡು ಸುರಿಯಬೇಕಿಲ್ಲ. ತಲೆಸುತ್ತು, ವಾಂತಿ ಬಂದರೆ ನೆರಳಿಗೆ ಬಂದು ಮೈಗೆ ಒದ್ದೆ ಬಟ್ಟೆ ಹಾಕಬೇಕು. ಮಾತು ತೊದಲಿದರೆ, ಪ್ರಜ್ಞೆ ತಪ್ಪುವ ಹಾಗಾದರೆ 108ಕ್ಕೆ ಫೋನ್ ಮಾಡಬೇಕು.

ನಮ್ಮ ತಂಡದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಹುಡುಗ ಒಬ್ಬನಿದ್ದಾನೆ. ಅವನಿಗೆ ಈ ಪಾಠ ಬೇಡ. ರೊಟ್ಟಿ ಹಬ್ಬದಲ್ಲಿ ರಾತ್ರಿಯಿಡೀ ಗೊರುಕನ ಕುಣಿಯುವ ಜನ ಅವರು. "ನಮ್ಮಲ್ಲಿ ಒಬ್ಬರೇ ಕುಣಿಯೋದಿಲ್ಲ, ಅದಕ್ಕೇ ಬೇಗ ಸುಸ್ತಾಗಲ್ಲ" ಅನ್ನುತ್ತಾನೆ. ಫೋನಿನಲ್ಲಾದರೂ ಸರಿ, ಜೊತೆ ಇದ್ದದ್ದರಿಂದಲೇ ನಾವಿಬ್ಬರೂ ಆ ಎರಡು ತಿಂಗಳು ಬಿಡದೆ ಎದ್ದೆವು.

ಈಗ ಅವಳು ನನ್ನ ಎದುರಿಗೇ ಕುಣಿಯುತ್ತಾಳೆ. ಹೋದ ಜೂನ್‌ನಲ್ಲಿ ಇಪ್ಪತ್ತೈದು ನಿಮಿಷ ಕುಣಿದೆವು, ಪದ ನಿಲ್ಲಲಿಲ್ಲ. ನಿಮ್ಮೂರಲ್ಲಿ ಕಂಸಾಳೆಯೋ, ಕೋಲಾಟವೋ, ಡೊಳ್ಳೋ ಯಾವುದೇ ಇರಲಿ, ಜೊತೆಗಾರರು ದುಡಿಯಲು ದೂರ ಹೋಗಿದ್ದರೆ ನಾಳೆ ಬೆಳಿಗ್ಗೆ ಒಂದು ಫೋನ್ ಮಾಡಿ. ರಜೆ ಮುಗಿದ ಮೇಲೆ ಅವರ ಏಟನ್ನು ನಂಬಿ ನೀವು ಕೈ ಒಡ್ಡಬೇಕು, ನಿಮ್ಮ ಏಟನ್ನು ನಂಬಿ ಅವರು ಒಡ್ಡಬೇಕು.