ಜೊತೆಗೆ ಯಾರಿದ್ದಾರೆ?

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಹೊಸಿಲು ದಾಟುವಾಗ ಎದುರಾಗುವ ಪ್ರಶ್ನೆಗಳು ಎರಡು. 'ಎಲ್ಲಿಗೆ?' ಎನ್ನುವುದು ಮೊದಲನೆಯದು. 'ಜೊತೆಗೆ ಯಾರಿದ್ದಾರೆ?' ಎನ್ನುವುದು ಎರಡನೆಯದು. ಮೊದಲನೆಯದಕ್ಕೆ 'ಇಲ್ಲೇ, ಈಗ ಬಂದೆ' ಎಂದು ತೇಲಿಸಿ ಹೇಳಿದರೂ ನಡೆದೀತು. ಎರಡನೆಯದಕ್ಕೆ ಮಾತ್ರ ಒಂದು ಹೆಸರು ಬೇಕೇ ಬೇಕು. ಸಂತೆಗಾಗಲಿ, ಸಿನಿಮಾಕ್ಕಾಗಲಿ, ರವಿಕೆ ಹೊಲಿಸಲು ಟೈಲರ್ ಅಂಗಡಿಗಾಗಲಿ, ಜೊತೆಗೊಬ್ಬರಿದ್ದರೆ ಹೊರಟಿದ್ದಕ್ಕೊಂದು ಅರ್ಥ. ಒಬ್ಬಳೇ ಹೊರಟರೆ 'ಅಂಥಾದ್ದೇನಿದೆ ಈಗ?' ಎಂಬ ಮೂರನೆಯ ಪ್ರಶ್ನೆ ಹುಟ್ಟಿಕೊಳ್ಳುತ್ತದೆ. ನೀವೂ ಇದನ್ನೆಲ್ಲ ಕೇಳಿಸಿಕೊಂಡವರೇ ಅಲ್ಲವೇ?

52ನೆಯ ವಯಸ್ಸಿನಲ್ಲಿ ನಾನು ಜಿಮ್ಮಿಗೆ ಸೇರುತ್ತೇನೆಂದಾಗಲೂ ಮನೆಯಲ್ಲಿ ಇದೇ ಪ್ರಶ್ನೆ ಬಂತು. ಮಂಡಿನೋವು ಶುರುವಾಗಿ, ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುವ ಸ್ಥಿತಿ ಬಂದಿತ್ತು. 'ಬರೀ ವಾಕಿಂಗ್ ಸಾಲದಮ್ಮ. ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಗೆ ಆಸರೆ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ, ಅದಕ್ಕೂ ಭಾರ ಎತ್ತುವುದು ಒಳ್ಳೆಯದು' ಎಂದರು ಡಾಕ್ಟರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯೂ ಹೀಗೇ ಇದೆ. ದೊಡ್ಡವರು ವಾರಕ್ಕೆ ಕಡೇಪಕ್ಷ 150 ನಿಮಿಷ ಬಿರುಸು ನಡಿಗೆಯಂಥದ್ದನ್ನು ಮಾಡಬೇಕು. ಅದರ ಮೇಲೆ ವಾರಕ್ಕೆ 2 ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು. ಇಷ್ಟೆಲ್ಲ ವಿವರಿಸಿದರೂ ಮನೆಯವರ ಮುಖ ಸಡಿಲಾಗಲಿಲ್ಲ. ಎದುರುಮನೆಯ ಗೆಳತಿಯೂ ಬರುತ್ತಾಳೆ ಎಂದೆ ನೋಡಿ, 'ಹಾಗಾದರೆ ಸರಿ' ಎಂದರು. ಡಾಕ್ಟರ ಮಾತಿಗಿಂತ ಅವಳ ಹೆಸರೇ ಹೆಚ್ಚು ತೂಗಿತು!

ಹಾಸನದ ನಮ್ಮ ಬಡಾವಣೆಯ ಆ ಜಿಮ್ಮು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡರವರೆಗೆ ಹೆಂಗಸರ ಹೊತ್ತು. ಗೆಳತಿ ಹೈಸ್ಕೂಲಿನಲ್ಲಿ ಮೇಡಮ್ಮಾಗಿದ್ದು ನಿವೃತ್ತಳಾದವಳು. ಹತ್ತೂಕಾಲಿಗೆ ಸರಿಯಾಗಿ ನಮ್ಮ ಮನೆಯ ಬೆಲ್ಲು ಒತ್ತುತ್ತಿದ್ದಳು. ಸಾರಿಗೆ ಒಗ್ಗರಣೆ ಬಿದ್ದಿರಲಿ ಬಿಡಲಿ, ಬೆಲ್ಲಾದ ಮೇಲೆ ಹೊರಡಲೇಬೇಕು. ಅಲ್ಲಿ ಹೋದಮೇಲೆ ನಾನು ಬಸ್ಕಿ ಹೊಡೆದರೆ ಅವಳು ಎಣಿಸುವುದು, ಅವಳು ಹೊಡೆದರೆ ನಾನು. ಎಂಟಕ್ಕೆ ನನ್ನ ಕಾಲು ಸೋತರೂ ಅವಳು 'ಒಂಬತ್ತು' ಎಂದು ಗಟ್ಟಿಯಾಗಿ ಹೇಳಿಬಿಡುವಳು. ಹೇಳಿದ ಮೇಲೆ ಮಾಡದೆ ಉಂಟೇ? ನಡುವೆ ಎರಡು ನಿಮಿಷ ಸುಧಾರಿಸಿಕೊಳ್ಳಬೇಕೆಂದು ಕಲಿಸುವ ಹುಡುಗಿ ಹೇಳಿದ್ದರೆ, ನಮಗೆ ಅದು ಹತ್ತು ನಿಮಿಷವಾಗುತ್ತಿತ್ತು. ಅವರೆಕಾಳಿನ ರೇಟಿನಿಂದ ಹಿಡಿದು ಸೊಸೆಯಂದಿರ ಮೊಬೈಲಿನವರೆಗೆ ಎಲ್ಲವೂ ಆ ಹತ್ತು ನಿಮಿಷದಲ್ಲಿ ಬಂದು ಹೋಗುತ್ತಿದ್ದವು. ಆದರೂ ವರ್ಷ ತುಂಬುವುದರೊಳಗೆ ನಾನು ಗೋಡೆ ಬಿಟ್ಟು ಮೆಟ್ಟಿಲಿಳಿದೆ.

ಅಷ್ಟರಲ್ಲಿ ಅವಳ ಮಗಳಿಗೆ ಪುಣೆಯಲ್ಲಿ ಹೆರಿಗೆ. ಬಾಣಂತನಕ್ಕೆಂದು ಹೊರಟವಳು ಎಂಟು ತಿಂಗಳು ಬರಲಿಲ್ಲ. ಅವಳು ಹೋದ ಮರುದಿನವೇ ನಮ್ಮ ಮನೆಯಲ್ಲಿ, 'ಇನ್ನೇನು, ಜೊತೆಯವರೇ ಇಲ್ಲವಲ್ಲ. ಅಲ್ಲಿಗೆ ಮುಗಿಯಿತು ಬಿಡು' ಎಂದರು. ಸಿಟ್ಟಿನಿಂದ ಅಂದ ಮಾತಲ್ಲ. ಹಬ್ಬ ಮುಗಿಯಿತು, ತೋರಣ ಬಿಚ್ಚು ಎಂಬಷ್ಟು ಸಹಜವಾಗಿ ಅಂದದ್ದು. ನನ್ನನ್ನು ಕುಟುಕಿದ್ದು ಆ ಸಹಜತೆಯೇ. ಮಂಡಿ ನನ್ನದು, ಮೂಳೆ ನನ್ನದು, ಸವೆಯುವುದೂ ನನ್ನದೇ. ಅದನ್ನು ಉಳಿಸಿಕೊಳ್ಳುವ ಒಂದು ಗಂಟೆ ಮಾತ್ರ ಗೆಳತಿಯ ಹೆಸರಿನಲ್ಲಿ ಮಂಜೂರಾಗಿತ್ತು. ಅವಳು ಹೋದಳು, ಮಂಜೂರಾತಿಯೂ ಹೋಯಿತು!

ಮುಂದಿನ ಸೋಮವಾರ ನಾನೊಬ್ಬಳೇ ಹೊರಟೆ. 'ಜೊತೆಗೆ ಯಾರು?' ಎಂದಿದ್ದಕ್ಕೆ 'ಯಾರೂ ಇಲ್ಲ, ನಾನೇ' ಎಂದೆ. ಇದು ದೊಡ್ಡ ಕ್ರಾಂತಿಯೇನಲ್ಲ, ಬಲ್ಲೆ. ಆದರೂ ಆ ಮೂರು ಪದ ಹೇಳಲು ಅಂದು ಎತ್ತಿದ ಕಬ್ಬಿಣಕ್ಕಿಂತ ಹೆಚ್ಚು ಬಲ ಬೇಕಾಯಿತು.

ಒಬ್ಬಳೇ ಮಾಡತೊಡಗಿದಾಗ ಕೆಲವು ಸಂಗತಿ ಹೊಸದಾಗಿ ತಿಳಿದವು. ಬಸ್ಕಿಯಿಂದ ಏಳುವಾಗ ನಾನು ಬಲಗಾಲಿಗೇ ಹೆಚ್ಚು ಭಾರ ಹಾಕುತ್ತೇನೆಂಬುದು ವರ್ಷವಿಡೀ ಗಮನಕ್ಕೆ ಬಂದಿರಲಿಲ್ಲ. ಮಾತಿನ ಭರದಲ್ಲಿ ಕಾಲಿನ ಮಾತು ಕೇಳಿಸುವುದು ಹೇಗೆ? ನೆಲದಿಂದ ಭಾರ ಎತ್ತುವಾಗ ಬೆನ್ನು ನೇರವಾಗಿರಬೇಕು, ಸೊಂಟ ಹಿಂದಕ್ಕೆ ಹೋಗಬೇಕು, ಬಲ ಕಾಲಿನಿಂದ ಏಳಬೇಕು. ಇದು ತುಂಬಿದ ಕೊಡ ಎತ್ತುವ ಹದವೇ ಎಂದು ಹೊಳೆದದ್ದೂ ಏಕಾಂತದಲ್ಲೇ. 15 ಲೀಟರಿನ ಕೊಡಕ್ಕೆ 15 ಕಿಲೋ ನೀರು. ಸ್ಪರ್ಧೆಗಳಲ್ಲಿ ಹೆಂಗಸರಿಗೆ ಕೊಡುವ ಬಾರಿನ ತೂಕವೂ ಸರಿಯಾಗಿ 15 ಕಿಲೋ. ನಾವು ಜೀವಮಾನವೆಲ್ಲ ಎತ್ತುತ್ತ ಬಂದದ್ದೇ!

ಕಳೆದುಕೊಂಡದ್ದೂ ಇತ್ತು. 'ಒಂಬತ್ತು' ಎನ್ನುವವರಿಲ್ಲದೆ ನನ್ನ ಎಣಿಕೆ ಎಂಟಕ್ಕೇ ನಿಲ್ಲುತ್ತಿತ್ತು. ಬೆಲ್ಲಾಗದ ದಿನ ಒಗ್ಗರಣೆಯೇ ಗೆಲ್ಲುತ್ತಿತ್ತು. ಬೆಂಚಿನ ಮೇಲೆ ಮಲಗಿ ಎದೆಯ ಮೇಲಿಂದ ಬಾರು ಎತ್ತುವ ವ್ಯಾಯಾಮವನ್ನಂತೂ ಬಿಟ್ಟೇಬಿಟ್ಟೆ. ಕೈ ಸೋತರೆ ಬಾರು ಹಿಡಿಯಲು ತಲೆಯ ಬಳಿ ಒಬ್ಬರಿರಲೇಬೇಕು. ಅಲ್ಲಿ ಒಂಟಿ ಧೈರ್ಯ ಧೈರ್ಯವಲ್ಲ.

ವಿಜ್ಞಾನಿಗಳೂ ಈ ಲೆಕ್ಕವನ್ನು ಹಾಕಿ ನೋಡಿದ್ದಾರೆ. 1920ರ ದಶಕದಲ್ಲಿ ಜರ್ಮನಿಯ ಓಟ್ಟೊ ಕೋಲರ್ ಎಂಬಾತ ಬರ್ಲಿನ್ನಿನ ದೋಣಿ ಹುಟ್ಟುಗಾರರ ಕೈಲಿ ಭಾರ ಎತ್ತಿಸಿದ. ಮೊದಲು ಒಬ್ಬೊಬ್ಬರೇ, ಆಮೇಲೆ ಇಬ್ಬಿಬ್ಬರು ಸೇರಿ. ಜೋಡಿಯಲ್ಲಿದ್ದಾಗ ಇಬ್ಬರಲ್ಲಿ ಬಲ ಕಡಿಮೆಯಿದ್ದವನು ತಾನೊಬ್ಬನೇ ಇದ್ದಾಗಿನಕ್ಕಿಂತ ಹೆಚ್ಚು ಹೊತ್ತು ತಾಳಿಕೊಂಡ. ತನ್ನಿಂದ ಜೊತೆಗಾರನ ಕೆಲಸ ಕೆಡಬಾರದಲ್ಲ! ಆದರೆ ಇದು ಚೆನ್ನಾಗಿ ಫಲಿಸಿದ್ದು ಇಬ್ಬರ ಬಲದಲ್ಲಿ ಮಿತವಾದ ಅಂತರವಿದ್ದಾಗ. ತೀರ ಸರಿಸಮನಾದರೂ ಅಷ್ಟಿಲ್ಲ, ಆನೆಗೂ ಆಡಿಗೂ ಗಂಟು ಹಾಕಿದರೂ ಅಷ್ಟಿಲ್ಲ. 1965ರಲ್ಲಿ ರಾಬರ್ಟ್ ಜಾಯನ್ಸ್ ಎಂಬ ಮನಶ್ಶಾಸ್ತ್ರಜ್ಞರು ಇನ್ನೊಂದನ್ನು ಎತ್ತಿ ತೋರಿಸಿದರು. ಚೆನ್ನಾಗಿ ಪಳಗಿದ ಕೆಲಸ ಇನ್ನೊಬ್ಬರ ಎದುರು ಚುರುಕಾಗುತ್ತದೆ, ಇನ್ನೂ ಕಲಿಯುತ್ತಿರುವ ಕೆಲಸ ಇನ್ನೊಬ್ಬರ ಎದುರು ಎಡವುತ್ತದೆ. ಅತ್ತೆಯ ಎದುರು ಮೊದಲ ಚಪಾತಿ ಲಟ್ಟಿಸಿದ ಯಾವ ಸೊಸೆಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ತವರು ಮೈಸೂರು. ನಮ್ಮ ಬೀದಿಯ ಕೊನೆಗೊಂದು ಗರಡಿಮನೆಯಿತ್ತು. ಹೆಣ್ಣುಮಕ್ಕಳು ಅದರೊಳಗೆ ಕಾಲಿಡುವಂತಿರಲಿಲ್ಲ, ಒಳಗಿನದೆಲ್ಲ ಅಣ್ಣನ ಬಾಯಿಂದ ಕೇಳಿದ್ದೇ. ಮೊದಲು ತಾನೇ ದಂಡ, ಬಸ್ಕಿ ಹೊಡೆದು, ಗದೆ ತಿರುಗಿಸಿ ಮೈ ಹದ ಮಾಡಿಕೊಳ್ಳಬೇಕು. ಆಮೇಲೆ ಕೆಮ್ಮಣ್ಣಿಗಿಳಿದು ಜೊತೆಯವನ ಕೈ ಹಿಡಿಯಬೇಕು. ದಸರಾ ಕುಸ್ತಿಗೆ ಮುಂಚೆ ತೂಕ, ಬಲ ನೋಡಿ ಜೋಡಿ ಕಟ್ಟುವ ಪದ್ಧತಿ ಈಗಲೂ ಇದೆ. ಒಂಟಿಯೋ ಜೊತೆಯೋ ಎಂಬ ಜಗಳವೇ ಗರಡಿಯಲ್ಲಿರಲಿಲ್ಲ. ಎರಡಕ್ಕೂ ಅದರದರ ಹೊತ್ತು.

ಗಂಡಸರ ಗರಡಿಯೇಕೆ, ನಮ್ಮ ಅಜ್ಜಿಯಂದಿರ ಅಂಗಳದಲ್ಲೂ ಇದೇ ಇತ್ತು. ಇಬ್ಬರು ಎದುರುಬದುರು ನಿಂತು ಭತ್ತ ಕುಟ್ಟುವಾಗ ಒನಕೆಗೆ ಒನಕೆ ತಾಗಬಾರದು, ಒಬ್ಬಳು ಎತ್ತಿದಾಗ ಇನ್ನೊಬ್ಬಳದು ಇಳಿಯಬೇಕು. ಅದು ಜೊತೆಯ ಕೆಲಸ. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಮಾತ್ರ ಅಜ್ಜಿ ಹಲವು ಸಲ ಒಬ್ಬಳೇ ಕೂತಿರುತ್ತಿದ್ದಳು. ಹಗಲೆಲ್ಲ ಬಾಯಿಬಿಡದ ಸಂಗತಿ ಅವಳ ಹಾಡಿನಲ್ಲಿ ಹೊರಬರುತ್ತಿದ್ದುದು ಆಗಲೇ. ಆದರೆ ಆ ಏಕಾಂತಕ್ಕೂ ರಾಗಿಹಿಟ್ಟಿನ ಕಾರಣವಿತ್ತು. ಮನೆಗೆ ಹಿಟ್ಟು ಬೀಳುತ್ತಿತ್ತು, ಹಾಗಾಗಿ ಯಾರೂ ಕೇಳುತ್ತಿರಲಿಲ್ಲ. ನನ್ನ ಏಕಾಂತದಿಂದ ಮನೆಗೆ ಏನೂ ಬೀಳುವುದಿಲ್ಲ, ಅದಕ್ಕೇ ಇಷ್ಟು ಪ್ರಶ್ನೆ.

2000ದಲ್ಲಿ ಸಿಡ್ನಿ ಒಲಿಂಪಿಕ್ಸಿನಲ್ಲಿ ಕರ್ಣಂ ಮಲ್ಲೇಶ್ವರಿ ಎರಡು ಬಗೆಯ ಎತ್ತುಗಳಲ್ಲಿ ಒಟ್ಟು 240 ಕಿಲೋ ಎತ್ತಿ ಕಂಚು ಗೆದ್ದರು. ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರೇ. ಅಲ್ಲಿಯವರೆಗೆ ಕರೆತರಲು ಎಷ್ಟೋ ಜನ ಬೇಕಾಗಿದ್ದಿರಬೇಕು. ಎತ್ತುವಾಗ ಮಾತ್ರ ಹಲಗೆಯ ಮೇಲೆ ಅವರೊಬ್ಬರೇ, ಬಾರನ್ನು ಬೇರೆ ಯಾರೂ ಮುಟ್ಟುವಂತಿಲ್ಲ.

ಹಾಗಾಗಿ ಜೊತೆ ಬೇಕೇ ಬೇಡವೇ ಎಂದು ಯಾರಾದರೂ ಕೇಳಿದರೆ, ಬೇಕು ಎಂದೇ ಹೇಳುತ್ತೇನೆ. ನಿಮಗಿಂತ ತುಸು ಹೆಚ್ಚು ಎತ್ತುವವಳನ್ನು ಆರಿಸಿಕೊಳ್ಳಿ. ಹೊಸದನ್ನು ಕಲಿಯುವಾಗ ಕಲಿಸುವವರೊಬ್ಬರಿದ್ದರೆ ಸಾಕು, ನೋಡುವವರು ಬೇಡ. ಆದರೆ ಜೊತೆ ಇರಬೇಕಾದದ್ದು ಭಾರ ಹಿಡಿಯಲು, ಎಣಿಸಲು, ನಗಲು. ನಿಮ್ಮ ಪರವಾಗಿ ಅನುಮತಿ ಪಡೆಯಲಲ್ಲ.

ಗೆಳತಿ ಪುಣೆಯಿಂದ ಬಂದಿದ್ದಾಳೆ. ಸೋಮವಾರ, ಗುರುವಾರ ಇಬ್ಬರೂ ಹೋಗುತ್ತೇವೆ. ಅವಳು ನನಗಿಂತ ಎರಡೂವರೆ ಕಿಲೋ ಹೆಚ್ಚು ಎತ್ತುತ್ತಾಳೆ, ಎಂಟು ತಿಂಗಳು ಮೊಮ್ಮಗುವನ್ನು ಎತ್ತಿದ ಫಲವಂತೆ! ಶನಿವಾರ ಮಾತ್ರ ನಾನೊಬ್ಬಳೇ. ಹೇಳಿದಾಗ ಬೇಸರಪಟ್ಟುಕೊಂಡಾಳೆಂದು ಅಳುಕಿತ್ತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದರೆ ಮಂಗಳವಾರ ನಂದು' ಎಂದಳು.