ಅವರೆಕಾಯಿ ಕಾಲದಲ್ಲಿ ಊರಲ್ಲಿಲ್ಲದ ವರ್ಷ

ದೊಡ್ಡಮ್ಮನ ಮೊಮ್ಮಗಳು ಈಗ ಹೊರದೇಶಕ್ಕೆ ಓದಕ್ಕೆ ಹೊರಟು ನಿಂತವ್ಳೆ. "ಆರು ತಿಂಗ್ಳು ಒಬ್ಳೇ ಹೆಂಗಿದ್ಯೇ ನೀನು?" ಅಂತ ಫೋನಲ್ಲಿ ಕೇಳಿದ್ರು. ಒಂದೇ ಮಾತಲ್ಲಿ ಹೇಳಕ್ಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ, ಎಲ್ಲರೂ ಓದ್ಕೊಳ್ಳಿ.

ಕಾಲೇಜು ನಡೀತಿರೋವಾಗ ಏನೂ ಆಗಲ್ಲ ಕಣ್ರವ್ವ. ಮನೆ ನೆನಪಾಗೋದಕ್ಕೆ ಪುರುಸೊತ್ತೇ ಇರಲ್ಲ. ಕಷ್ಟ ಇರೋದು ರಜೆಲಿ. ನಾನು ಎಕ್ಸ್‌ಚೇಂಜ್ ಮೇಲೆ ಜರ್ಮನಿಯ ಡ್ರೆಸ್ಡೆನ್‌ಗೆ ಹೋಗಿದ್ದು 2023ರ ಅಕ್ಟೋಬರಲ್ಲಿ. ಡಿಸೆಂಬರ್ ಕೊನೇಲಿ ಕ್ರಿಸ್‌ಮಸ್ ರಜೆ ಬಂತು. ಹಾಸ್ಟೆಲ್ಲಲ್ಲಿ ಇದ್ದೋರೆಲ್ಲ ಪೆಟ್ಟಿಗೆ ಎಳ್ಕೊಂಡು ಅವರವರ ಊರಿಗೆ ಹೋದ್ರು. ಆ ವರ್ಷ 24 ಭಾನುವಾರ. ಅಲ್ಲಿ ಭಾನುವಾರ ಅಂಗಡಿ ತೆಗೆಯಲ್ಲ, 25 ಮತ್ತು 26 ಹಬ್ಬದ ರಜೆ. ಮೂರು ದಿನ ಊರಿಗೆ ಊರೇ ಬಾಗಿಲು ಹಾಕ್ಕೊಂಡಂಗೆ. ಸಾಯಂಕಾಲ ನಾಲ್ಕಕ್ಕೆಲ್ಲ ಕತ್ತಲು. ನಮ್ಮಲ್ಲಿ ಆಗ ರಾತ್ರಿ ಎಂಟೂವರೆ, ಮುದ್ದೆ ತಿರುವೋ ಹೊತ್ತು.

ಅದೂ ಅವರೆಕಾಯಿ ಕಾಲ! ಮಾಗಡಿ ಅವರೆ ಸೊಗಡನ್ನ ನಿಮಗೆ ನಾನು ಹೇಳ್ಬೇಕಾ? ಅಜ್ಜಿ ಮಾಗಡಿಯಿಂದ ಮೂಟೆ ಕಳಿಸೋರು. ಚನ್ನಪಟ್ಟಣದ ನಮ್ಮನೆ ಜಗಲಿ ಮೇಲೆ ಬೀದಿ ಹೆಂಗಸರೆಲ್ಲ ಕೂತು ಬಿಡಿಸಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಿತಕೋದು. ಅವ್ವ ಅದನ್ನೆಲ್ಲ ವಿಡಿಯೋದಲ್ಲಿ ತೋರಿಸೋಳು. ಫೋನಿಗೆ ಬಂದೋರೆಲ್ಲ ಕೇಳ್ತಿದ್ದಿದ್ದು ಒಂದೇ, "ಯಾವಾಗ್ ಬತ್ತೀಯೆ ಮಗ?" ಮಾರ್ಚ್ ಕೊನೇಲಿ ಅಂತ ಎಲ್ರಿಗೂ ಗೊತ್ತು, ಆದ್ರೂ ಕೇಳೋರು. ನನಗೆ ಗಂಟಲು ಕಟ್ಟೋದು. ದಯವಿಟ್ಟು ಇದೊಂದು ಪ್ರಶ್ನೆ ಕೇಳ್ಬೇಡಿ. ಏನ್ ತಿಂದೆ, ಏನ್ ನೋಡ್ದೆ ಅಂತ ಕೇಳಿ.

ಹಂಗೆ ಕೇಳಿದ್ದು ನಮ್ಮ ಚಿಕ್ಕತ್ತೆ ಒಬ್ಬರೇ. ಅವರು ಕಲಾನಗರದಲ್ಲಿ ಲೇತ್ ಮಿಷಿನ್ ಮುಂದೆ ಕೂತು ಬೊಂಬೆಗೆ ಅರಗು ಹಚ್ಚೋರು. ಡ್ರೆಸ್ಡೆನ್‌ನಲ್ಲಿ ಕ್ರಿಸ್‌ಮಸ್ ಸಂತೆ ನಡೀತದೆ, 1434ರಿಂದ ನಡ್ಕೊಂಡು ಬಂದಿರೋದು. ಅಲ್ಲಿಗೆ ಹತ್ತಿರದ ಬೆಟ್ಟದ ಸೀಮೆಲಿ ಜೈಫೆನ್ ಅಂತ ಒಂದು ಊರು, ಥೇಟ್ ನಮ್ಮ ಚನ್ನಪಟ್ಟಣ. ಗಣಿ ಕೆಲಸ ಕಮ್ಮಿ ಆಗ್ತಾ ಬಂದಂಗೆ ಅಲ್ಲಿನ ಜನ ಮರದ ಬೊಂಬೆ ಕಡೆಯೋ ಕಡೆಗೆ ತಿರುಗಿದ್ರಂತೆ. ಒಂದು ಮರದ ತುಂಡನ್ನ ದಪ್ಪ ಬಳೆ ಥರ ಕಡೀತಾರೆ. ಏನು ಅಂತಲೇ ಗೊತ್ತಾಗಲ್ಲ. ಆ ಬಳೇನ ಬೆಣ್ಣೆ ಬಿಸ್ಕತ್ತಿನಷ್ಟು ದಪ್ಪಕ್ಕೆ ಸೀಳಿದ್ರೆ ಒಂದೊಂದು ತುಂಡೂ ಒಂದು ಕುದುರೆ! ಅತ್ತೆಗೆ ಫೋನಲ್ಲಿ ತೋರಿಸ್ದೆ. ಅತ್ತೆ ಬೆರಗಾಗಲಿಲ್ಲ. "ಅದ್ಯಾವ ಮರವಂತೆ? ನಮ್ಮ ಆಲೆ ಮರದಂಗೆ ಮೆತ್ತಗದಾ? ಬಣ್ಣ ಅರಗಾ, ಪೇಂಟಾ? ಕೂಲಿ ಎಷ್ಟು ಬತ್ತದಂತೆ, ಕೇಳೇ!" ಅಂದ್ರು. ಅರ್ಧ ಗಂಟೆ ಅಂಗಡಿಯವರ ತಲೆ ತಿಂದೆ. ಕೂಲಿ ಎಷ್ಟು ಅಂತ ಮಾತ್ರ ಅವರು ಹೇಳಲಿಲ್ಲ. ಆವತ್ತು ರಾತ್ರಿ ನಿದ್ದೆ ಚೆನ್ನಾಗಿ ಬಂತು.

ಆದ್ರೆ 26ನೇ ತಾರೀಕು ಇನ್ನೊಂದು ಗೊತ್ತಾಯ್ತು. ಹತ್ತು ದಿನದಿಂದ ಅಜ್ಜಿ ಫೋನಿಗೆ ಬಂದಿರಲಿಲ್ಲ. ಕೇಳಿದ್ರೆ "ಮಲಗವ್ಳೆ", "ತೋಟಕ್ಕೆ ಹೋಗವ್ಳೆ". ತಮ್ಮ ಬಾಯಿಬಿಟ್ಟ. ಅಜ್ಜಿ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದು, ಬೆಂಗಳೂರಲ್ಲಿ ಆಪರೇಷನ್ ಆಗಿ ನಮ್ಮನೇಲೇ ಮಲಗಿದ್ರು. ಊರಿಂದ ದೂರ ಇರೋ ಹುಡುಗಿ ಗಾಬರಿ ಬೀಳ್ತಾಳೆ ಅಂತ ಎಲ್ಲರೂ ಸೇರಿ ಮುಚ್ಚಿಟ್ಟಿದ್ರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವ್ವ ನಗ್ತಾ ಅವರೆಕಾಯಿ ತೋರಿಸ್ತಿದ್ದಾಗ ಗೋಡೆ ಆಚೆ ಅಜ್ಜಿ ನರಳ್ತಿದ್ರು ಅಂತ ನೆನೆಸ್ಕೊಂಡೇ ಅತ್ತೆ. ಟಿಕೆಟ್ ರೇಟು ನೋಡ್ದೆ, ಆಕಾಶದಲ್ಲಿತ್ತು. ಅಪ್ಪ ಬೇಡ ಅಂದ್ರು.

"ಹಂಗಾದ್ರೆ ದಿನಾ ಅಜ್ಜೀನ ನನ್ನ ಹತ್ರ ಮಾತಾಡಿಸ್ಬೇಕು, ಇನ್ನು ಏನೂ ಮುಚ್ಚಿಡಂಗಿಲ್ಲ" ಅಂದೆ. ಅವ್ವ ಒಪ್ಪಿದ್ಲು, ಕಣ್ಣೊರೆಸ್ಕೊಂಡೇ.

ಅಂಗಡಿ ಬಾಗಿಲು ತೆಗೆದ ದಿನ ಇಂಡಿಯನ್ ಸ್ಟೋರಿಗೆ ಹೋದೆ. ಫ್ರೀಜರಲ್ಲಿ ಗುಜರಾತಿನವರ ಲಿಲ್ವಾ ಪ್ಯಾಕೆಟ್ಟು ಸಿಕ್ತು. ಅದೂ ಅವರೆ ಜಾತಿಯ ಹಸಿಕಾಳೇ. ಪಕ್ಕದ ರೂಮಿನ ವಿಯೆಟ್ನಾಂ ಹುಡುಗೀನೂ ಊರಿಗೆ ಹೋಗಿರಲಿಲ್ಲ. ಅವಳ ಹೊಸ ವರ್ಷದ ಹಬ್ಬ ಫೆಬ್ರವರಿ 10ಕ್ಕೆ, ಪರೀಕ್ಷೆ ಮಧ್ಯದಲ್ಲಿ. ಇಬ್ರೂ ಅಡುಗೆಮನೇಲಿ ಕೂತು ಹಿತಕೋಕೆ ಶುರು ಮಾಡಿದ್ವಿ. ಕಾಳು ಅವಳ ಬೆರಳಿಂದ ಹಾರಿ ಕಿಟಕಿಗೆ ಬಡೀತು. ಫೋನಿನ ಆಚೆ ಅಜ್ಜಿ ದಿಂಬಿಗೆ ಒರಗ್ಕೊಂಡು, ಮಡಿಲಲ್ಲಿ ಮೊರ ಇಟ್ಕೊಂಡು ಅವರೂ ಹಿತಕ್ತಿದ್ರು. "ಆ ಹುಡುಗಿಗೆ ಎಬ್ಬೆಟ್ಟಲ್ಲಿ ಒತ್ತು ಅನ್ನು, ಉಗುರಲ್ಲಲ್ಲ" ಅಂದ್ರು. ಆಮೇಲೆ ಕೇಳಿದ್ರು, "ಸೊಗಡಿದ್ದಾತಾ?"

"ಇಲ್ಲಜ್ಜಿ."

"ಮತ್ತೆ! ಮಂಜು ಬೀಳದೆ ಎಲ್ಲಿಂದ ಬಂದಾತು?"

ಕಿಟಕಿ ಆಚೆ ಚಳಿ ಕೊರೀತಿತ್ತು. ನಾನು ಏನೂ ಹೇಳಲಿಲ್ಲ.